ಶ್ರೀಲಂಕಾ ಸುತ್ತು: 12 ಜನರ ಗುಂಪು, ಗೈಡ್ ಜೊತೆ, ಅದೂ ಆಗಸ್ಟ್‌ನಲ್ಲಿ. ಹೋಗಬಹುದಾ?

ಪಾಲಿಬೆಟ್ಟದ ಸೊಸೆ

ಎಲ್ಲರಿಗೂ ನಮಸ್ಕಾರ. ಶ್ರೀಲಂಕಾ ಸುತ್ತಿ ಬರೋಣ ಅಂತ ಮನೆಯಲ್ಲಿ ಮಾತು ನಡೆಯುತ್ತಿದೆ. ನಾನು, ಯಜಮಾನರು, ಹೈಸ್ಕೂಲ್ ಓದುವ ಮಗ, ಜೊತೆಗೆ ಅತ್ತೆ. ಅತ್ತೆಗೆ ಮಂಡಿನೋವು ಇದೆ. ಆದರೆ ಹೊರಡುವ ಹುಮ್ಮಸ್ಸು ನಮ್ಮೆಲ್ಲರಿಗಿಂತ ಅವರಿಗೇ ಜಾಸ್ತಿ.

ಬೆಂಗಳೂರಿನ ಒಂದು ಕಂಪನಿ 12 ಜನರ ಗುಂಪು, ಒಬ್ಬ ಗೈಡ್, ಒಂದು ವ್ಯಾನ್ ಅಂತ ಟೂರ್ ಮಾಡುತ್ತದೆ. ಒಂಬತ್ತು ರಾತ್ರಿ. ಕೊಲಂಬೊ, ಸಿಗಿರಿಯಾ, ಕ್ಯಾಂಡಿ, ನುವಾರ ಎಲಿಯ, ಅಲ್ಲಿಂದ ರೈಲಿನಲ್ಲಿ 'ಎಲ್ಲಾ' ಅನ್ನುವ ಊರು, ಆಮೇಲೆ ಯಾಲ ಕಾಡು, ಮಿರಿಸ್ಸ ಬೀಚ್, ಗಾಲೆ ಕೋಟೆ, ವಾಪಸ್. ಜನವರಿಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ ಅನ್ನುತ್ತಾರೆ. ನಮಗೆ ಆಗ ರೊಬಸ್ಟಾ ಕೊಯ್ಲು, ಕಣದ ತುಂಬ ಕಾಫಿ. ಅದು ಮುಗಿಯುವಷ್ಟರಲ್ಲಿ ಹೂಮಳೆ ಬಂತಾ, ಸ್ಪ್ರಿಂಕ್ಲರ್ ಹಾಕಬೇಕಾ ಅನ್ನುವ ತಲೆಬಿಸಿ. ತೋಟ ಬಿಟ್ಟು ಹೊರಡುವ ಮಾತೇ ಇಲ್ಲ. ಆಗಸ್ಟ್‌ನಲ್ಲೂ ಒಂದು ಬ್ಯಾಚ್ ಇದೆಯಂತೆ. "ಅದೇ ರೂಟ್ ಮೇಡಂ, ಏನೂ ತೊಂದರೆ ಇಲ್ಲ" ಅಂದರು.

ಆಗಸ್ಟ್‌ನಲ್ಲಿ ಹೋಗಬಹುದಾ? ಗುಂಪು ಒಳ್ಳೆಯದಾ, ನಾವೇ ಕಾರು ಮಾಡಿಕೊಳ್ಳುವುದಾ? ಯಜಮಾನರ ವಾದ ಬೇರೆ. "ಬೆಟ್ಟ, ಎಸ್ಟೇಟು, ಆನೆ ಎಲ್ಲ ಇಲ್ಲೇ ಇದೆ, ದುಡ್ಡು ಕೊಟ್ಟು ಯಾಕೆ ನೋಡಬೇಕು?" ಇದಕ್ಕೂ ಯಾರ ಹತ್ತಿರವಾದರೂ ಉತ್ತರ ಇದ್ದರೆ ಬರೆಯಿರಿ, ಗಟ್ಟಿಯಾಗಿ ಓದಿ ಹೇಳುತ್ತೇನೆ.

ಒಂಟಿ ಸಲಗ

ಆನೆ ನೋಡೋಕೆ ಶ್ರೀಲಂಕಾ? ನಮ್ಮ ಹಲಸಿನ ಮರದ ಕೆಳಗೆ ಬನ್ನಿ. ಟಿಕೆಟ್ ಇಲ್ಲ, ಗೈಡ್ ಇಲ್ಲ, ಓಡುವುದು ಮಾತ್ರ ನಿಮ್ಮ ಜವಾಬ್ದಾರಿ.

ಕುಶಾಲನಗರ ಸವಾರಿ

ನಾಲ್ಕು ಜನ ಇದ್ದೀರಿ, ಗುಂಪು ಯಾಕೆ? ಕಾರು ಮತ್ತು ಡ್ರೈವರ್ ತೆಗೆದುಕೊಳ್ಳಿ. ಅಲ್ಲಿ ಗಾಡಿ ಓಡಿಸುವವರೇ ಗೈಡ್ ಆಗಿರುತ್ತಾರೆ. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾರೆ, ನಮ್ಮ ಹಾಗೆಯೇ ಎಡಗಡೆ ಓಡಿಸುತ್ತಾರೆ, ಹಾರ್ನ್ ಮಾತ್ರ ನಮ್ಮಷ್ಟು ಹೊಡೆಯುವುದಿಲ್ಲ. ಗುಂಪಿನಲ್ಲಿ ಹೋದರೆ ಯಾರದೋ ಸ್ನಾನ ಮುಗಿಯುವವರೆಗೆ ಲಾಬಿಯಲ್ಲಿ ಕೂತಿರಬೇಕು. ಅತ್ತೆಗೆ ಸುಸ್ತಾದರೆ ನಿಲ್ಲಿಸಿ ಅನ್ನುವ ಹಾಗೂ ಇಲ್ಲ.

ಮಡಿಕೇರಿ ಮಂಜು

ಆಗಸ್ಟ್‌ನಲ್ಲಿ ನುವಾರ ಎಲಿಯಕ್ಕೆ ಹೋಗುವುದು ಒಂದೇ, ಆಗಸ್ಟ್‌ನಲ್ಲಿ ರಾಜಾಸೀಟ್‌ನಲ್ಲಿ ಕೊಡೆ ಹಿಡಿದು ನಿಲ್ಲುವುದು ಒಂದೇ. ಮಂಜು, ಜಡಿಮಳೆ, ಒಣಗದ ಬಟ್ಟೆ. ಅದಕ್ಕೆ ವಿಮಾನ ಬೇರೆ ಹತ್ತಬೇಕಾ?

ಬ್ರಹ್ಮಗಿರಿ ನಡಿಗೆ

@ಮಡಿಕೇರಿ ಮಂಜು ಹೇಳಿದ್ದು ಅರ್ಧ ಸರಿ. ಇನ್ನರ್ಧ ಹೇಳದೆ ಹೋದರೆ ಇವರು ಟೂರನ್ನೇ ಕೈಬಿಡುತ್ತಾರೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ದ್ವೀಪಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ, ಅಂದರೆ ನಮ್ಮ ಮಳೆಯೇ. ಅದು ಕೊಲಂಬೊ, ಗಾಲೆ, ಮಿರಿಸ್ಸ ಕಡೆಗೂ ಬೆಟ್ಟದ ಪಶ್ಚಿಮ ಮುಖಕ್ಕೂ ಸುರಿಯುತ್ತದೆ. ಬೆಟ್ಟ ದಾಟಿ ಪೂರ್ವಕ್ಕೆ ಹೋದರೆ ಅದೇ ಹೊತ್ತಿನಲ್ಲಿ ಬಿಸಿಲು. ಭಾಗಮಂಡಲದಲ್ಲಿ ಕೊಡೆ ಹಿಡಿದವರು ಹುಣಸೂರಿಗೆ ಇಳಿದಾಗ ಕೊಡೆ ಮಡಚುವುದಿಲ್ಲವೇ, ಅದೇ ಲೆಕ್ಕ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ, ಆಗ ಪೂರ್ವದಲ್ಲಿ ಮಳೆ, ಪಶ್ಚಿಮದಲ್ಲಿ ಬಿಸಿಲು. ನಿಮ್ಮ ಕಂಪನಿಯವರ ಪಟ್ಟಿ ಜನವರಿಗೆ ಮಾಡಿದ್ದು. ಅದನ್ನೇ ಆಗಸ್ಟ್‌ಗೂ ಮಾರುತ್ತಿದ್ದಾರೆ.

ಆಗಸ್ಟ್‌ನಲ್ಲಿ ಹೋಗುವವರು ಹೀಗೆ ಕೇಳಬೇಕು: ಸಿಗಿರಿಯಾ, ಪೊಲೊನ್ನರುವ, ಮಿನ್ನೇರಿಯ, ಅಲ್ಲಿಂದ ತ್ರಿಂಕೋಮಲಿ ಸಮುದ್ರ, ಕ್ಯಾಂಡಿಯಲ್ಲಿ ಒಂದೆರಡು ದಿನ, ಸಾಧ್ಯವಾದರೆ 'ಎಲ್ಲಾ' ಅನ್ನುವ ಆ ಊರು. ಅದು ಬೆಟ್ಟದ ಪೂರ್ವದ ಮಗ್ಗುಲಲ್ಲಿದೆ, ನುವಾರ ಎಲಿಯದಷ್ಟು ಒದ್ದೆ ಇರುವುದಿಲ್ಲ. ಮಿರಿಸ್ಸ ಬಿಟ್ಟುಬಿಡಿ. ಅಲ್ಲಿ ತಿಮಿಂಗಿಲ ನೋಡುವ ದೋಣಿಗಳ ಕಾಲ ನವೆಂಬರ್‌ನಿಂದ ಏಪ್ರಿಲ್. ಆಗಸ್ಟ್‌ನಲ್ಲಿ ಆ ಕಡೆ ಸಮುದ್ರ ಒರಟು.

ಹಾರ್ಟನ್ ಪ್ಲೇನ್ಸ್ ಕೂಡ ಪಟ್ಟಿಯಲ್ಲಿದ್ದರೆ ತೆಗೆಸಿ. ಸುಮಾರು 2,100 ಮೀಟರ್ ಎತ್ತರದ ಹುಲ್ಲುಗಾವಲು ಅದು. ನಮ್ಮ ತಡಿಯಂಡಮೋಳ್ 1,748 ಮೀಟರ್, ಅದಕ್ಕಿಂತ ಎತ್ತರದಲ್ಲಿ ಬಯಲೇ ಹರಡಿದೆ ಅಂದುಕೊಳ್ಳಿ. ತುದಿಯಲ್ಲಿ ವರ್ಲ್ಡ್ಸ್ ಎಂಡ್ ಅನ್ನುವ ಪ್ರಪಾತ, 800 ಮೀಟರ್‌ಗೂ ಹೆಚ್ಚು ನೇರ ಇಳಿಜಾರು. ಒಳ್ಳೆಯ ಕಾಲದಲ್ಲೇ ಬೆಳಿಗ್ಗೆ ಒಂಬತ್ತು ಹತ್ತರ ನಂತರ ಮಂಜು ಮುಚ್ಚುತ್ತದೆ. ಆಗಸ್ಟ್‌ನಲ್ಲಿ ಬೆಳ್ಳಗೆ ಒಂದು ಗೋಡೆ ನೋಡಿಕೊಂಡು ಬರುತ್ತೀರಿ.

ಮಡಿಕೇರಿ ಮಂಜು

ಅದನ್ನೇ ಅಲ್ವಾ ನಾನೂ ಹೇಳಿದ್ದು? ನೀವು ಉದ್ದ ಹೇಳಿದಿರಿ.

ಕರಿಮೆಣಸು

ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಬೇಡ. ಶ್ರೀಲಂಕಾದಿಂದ ಕಡಿಮೆ ಸುಂಕದಲ್ಲಿ ಬಂದ ಮೆಣಸು ನಮ್ಮ ರೇಟು ಹಾಳು ಮಾಡಿದ್ದು ಮರೆತುಹೋಯಿತಾ? ಬೇರೆ ದೇಶದ ಮಾಲೂ ಅಲ್ಲಿ ಇಳಿದು, ಅಲ್ಲಿಯದೇ ಅಂತ ಚೀಟಿ ಅಂಟಿಸಿಕೊಂಡು ಬರುತ್ತಿದೆ ಅಂತ ಬೆಳೆಗಾರರು ಎಷ್ಟು ಬೊಬ್ಬೆ ಹಾಕಿದರು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಬೇಕಾಯಿತು. ಈಗ ನಾವೇ ಹೋಗಿ ಅವರಿಗೆ ದುಡ್ಡು ಕೊಟ್ಟು ಬರುವುದು!

ಕುಶಾಲನಗರ ಸವಾರಿ

ಅಣ್ಣಾ, ಅತ್ತೆ ಅಲ್ಲಿಗೆ ಹೋಗಿ ಮೆಣಸು ಆಮದು ಮಾಡುವುದಿಲ್ಲ. ಬಿಡಿ.

ಕರಿಮೆಣಸು

ನಗುವ ವಿಷಯ ಅಲ್ಲ. ಆಟವಾಡಿದ್ದು ಇಲ್ಲಿಯ ವ್ಯಾಪಾರಿಗಳೇ ಅಂತ ನನಗೂ ಗೊತ್ತು. ಆದರೂ ಹೊಟ್ಟೆ ಉರಿಯುತ್ತದೆ.

ಗೋಣಿಕೊಪ್ಪದ ಟೀಚರ್

ಮೆಣಸು ಅಂದ ಕೂಡಲೇ ನೆನಪಾಯಿತು. ನಾವು ಹೋಗಿದ್ದು ಗುಂಪಿನಲ್ಲೇ. ಕ್ಯಾಂಡಿ ದಾರಿಯಲ್ಲಿ ಮಾತಳೆ ಅಂತ ಊರು. ಅಲ್ಲಿ ರಸ್ತೆ ಪಕ್ಕ ಸಾಲಾಗಿ "ಮಸಾಲೆ ತೋಟ"ಗಳು. ನಮ್ಮ ಗುಂಪನ್ನು ಒಂದರೊಳಗೆ ಇಳಿಸಿದರು. ಬಿಳಿ ಕೋಟು ಹಾಕಿದವನೊಬ್ಬ ಬಂದು ಒಂದು ಬಳ್ಳಿ ತೋರಿಸಿ, "ಇದು ಏನು ಅಂತ ಯಾರಾದರೂ ಹೇಳಬಲ್ಲಿರಾ?" ಅಂತ ಕೇಳಿದ. ನಮ್ಮ ಮಾವ ಬಳ್ಳಿ ಮುಟ್ಟಿ ನೋಡಿ, "ಇದಕ್ಕೆ ಸೊರಗು ರೋಗ ಹತ್ತಿದೆ, ಬುಡದಲ್ಲಿ ನೀರು ನಿಲ್ಲುತ್ತಿದೆ, ಬೋರ್ಡೋ ದ್ರಾವಣ ಹೊಡೆಯಿರಿ" ಅಂದರು. ಆಮೇಲೆ ಅವನು ನಮ್ಮನ್ನು ಏನೂ ಕೇಳಲಿಲ್ಲ. ಕೊನೆಗೆ ಒಂದು ಅಂಗಡಿ. ಮಂಡಿನೋವಿಗೆ ಎಣ್ಣೆ, ಕೂದಲಿಗೆ ಎಣ್ಣೆ, ಎಲ್ಲದಕ್ಕೂ ಎಣ್ಣೆ. ಬೆಲೆ ಕೇಳಿದರೆ ಹೊಸ ನೋವು ಬರುತ್ತದೆ.

ಇಂಥ ಕಡೆ ಕರೆದುಕೊಂಡು ಹೋದವರಿಗೆ ಕಮಿಷನ್ ಇರುತ್ತದೆ. ರತ್ನದ ಅಂಗಡಿ, ಬಾಟಿಕ್ ಅಂಗಡಿ, ಎಲ್ಲ ಅದೇ. ಗುಂಪಾದರೂ ಸರಿ, ಕಾರಾದರೂ ಸರಿ, "ಅಂಗಡಿ ನಿಲುಗಡೆ ಬೇಡ" ಅಂತ ಮೊದಲೇ ಬರೆಸಿಕೊಳ್ಳಿ.

ಇನ್ನೊಂದು. ನಮಗೂ 12 ಜನ ಅಂತಲೇ ಹೇಳಿದ್ದರು. ವಿಮಾನ ನಿಲ್ದಾಣದಲ್ಲಿ ನೋಡಿದರೆ ಎರಡು ವ್ಯಾನ್! "ಪ್ರತಿ ವ್ಯಾನಿಗೆ 12" ಅಂತ ಅದರ ಅರ್ಥವಂತೆ. ಗೈಡ್ ಒಬ್ಬನೇ, ಅವನು ಮೊದಲ ವ್ಯಾನಿನಲ್ಲಿ. ನಾವು ಎರಡನೆಯದು. ಡ್ರೈವರ್ ಒಳ್ಳೆಯವನು ಪಾಪ, ಆದರೆ ಅವನಿಗೆ ಗೊತ್ತಿದ್ದ ಇಂಗ್ಲಿಷ್ "ಗುಡ್ ವ್ಯೂ". ದೂರು ಕೊಟ್ಟೆವು, ಬೆಂಗಳೂರಿಗೆ ಮರಳಿದ ಮೇಲೆ ಒಂದು ಗಿಫ್ಟ್ ಕೂಪನ್ ಕಳಿಸಿದರು. ಅವರದೇ ಮುಂದಿನ ಟೂರಿಗೆ!

ಪಾಲಿಬೆಟ್ಟದ ಸೊಸೆ

ಟೀಚರ್, ಮಾವನ ಕಥೆ ಓದಿ ಹೇಳಿದೆ, ಯಜಮಾನರು ಕಾಫಿ ಉಗುಳಿದರು. ಹಾಗಾದರೆ ಗುಂಪು ಬೇಡ ಅಂತಲೇ ನಿಮ್ಮ ಅಭಿಪ್ರಾಯವಾ?

ಗೋಣಿಕೊಪ್ಪದ ಟೀಚರ್

ಇಲ್ಲಪ್ಪ. ಒಂದೇ ವ್ಯಾನ್, ಅದರಲ್ಲೇ ಗೈಡ್, ಆಗ ಗುಂಪು ಬಹಳ ಚೆನ್ನ. ಪೊಲೊನ್ನರುವದಲ್ಲಿ ಗಲ್ ವಿಹಾರ ಅಂತ ಇದೆ, ಒಂದೇ ಬಂಡೆಯಲ್ಲಿ ಕೆತ್ತಿದ ದೊಡ್ಡ ಬುದ್ಧರು. ಗೈಡ್ ನಿಂತು ಹೇಳದಿದ್ದರೆ ಐದು ನಿಮಿಷದಲ್ಲಿ ಫೋಟೋ ತೆಗೆದು ಹೊರಟಿರುತ್ತಿದ್ದೆವು. ಅವನು ದಿಂಬಿನ ಮೇಲೆ ತಲೆ ಒತ್ತಿದ ಗುಂಡಿಯನ್ನೂ ಶಿಲ್ಪಿ ಕಲ್ಲಿನಲ್ಲಿ ಹೇಗೆ ತೋರಿಸಿದ್ದಾನೆ ನೋಡಿ ಅಂದ. ನಿಜವಾಗಿ ಕಲ್ಲು ಮೆತ್ತಗೆ ಕಾಣುತ್ತದೆ. ಅಂಥ ಗೈಡಿಗೆ ಕೊಟ್ಟ ದುಡ್ಡು ದಂಡ ಅಲ್ಲ. ಅಲ್ಲಿಯ ಪ್ರವಾಸೋದ್ಯಮ ಪ್ರಾಧಿಕಾರ ಗೈಡ್‌ಗಳಿಗೆ ಲೈಸೆನ್ಸ್ ಕೊಡುತ್ತದೆ. ಇಡೀ ದೇಶ ಸುತ್ತಿಸುವ ಗೈಡ್ ಬೇರೆ, ಗಾಡಿ ಓಡಿಸುವ ಗೈಡ್ ಬೇರೆ. ನಿಮಗೆ ಸಿಗುವುದು ಯಾರು ಅಂತ ಕೇಳಿ.

ಕುಶಾಲನಗರ ಸವಾರಿ

ಒಳ್ಳೆಯ ಗೈಡ್ ಸಿಕ್ಕರೆ ಅನ್ನುವ "ರೆ"ಗೆ ಇಷ್ಟು ದುಡ್ಡಾ? ನಾನು ಕಾರಿಗೇ ಓಟು.

ಒಂಟಿ ಸಲಗ

ಈಗ ಸೀರಿಯಸ್ಸಾಗಿ. ಯಜಮಾನರ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ.

ಶ್ರೀಲಂಕಾ ನಮ್ಮ ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಅಲ್ಲಿ 2011ರಲ್ಲಿ ಎಣಿಸಿದಾಗ 5,879 ಆನೆ. ಇಡೀ ಕರ್ನಾಟಕದಲ್ಲಿ 2023ರ ಲೆಕ್ಕದಲ್ಲಿ 6,395. ಅಷ್ಟು ಚಿಕ್ಕ ಜಾಗದಲ್ಲಿ ಹೆಚ್ಚೂಕಡಿಮೆ ಅಷ್ಟೇ ಆನೆ! ಮತ್ತೆ ಅಲ್ಲಿಯ ಗಂಡಾನೆಗಳಲ್ಲಿ ಕೊಂಬು ಇರುವವು ನೂರಕ್ಕೆ ಹತ್ತೂ ಇಲ್ಲ. ನಾಗರಹೊಳೆಯ ಸಲಗಗಳನ್ನು ನೋಡಿ ಬೆಳೆದ ಕಣ್ಣಿಗೆ ಮೊದಲು ಎಲ್ಲವೂ ಹೆಣ್ಣಾನೆ ಅನ್ನಿಸುತ್ತದೆ. ಸ್ವಲ್ಪ ಹೊತ್ತು ನೋಡಿದ ಮೇಲೆ ತಲೆಯ ಆಕಾರ, ಸೊಂಡಿಲ ಬುಡ ನೋಡಿ ಗೊತ್ತಾಗುತ್ತದೆ.

ಆಗಸ್ಟ್ ಅಂದಿರಲ್ಲ, ಅದು ಮಿನ್ನೇರಿಯದ ಕಾಲ. ಮೂರನೇ ಶತಮಾನದಲ್ಲಿ ಮಹಾಸೇನ ರಾಜ ಕಟ್ಟಿಸಿದ ಕೆರೆ ಅದು. ಅಲ್ಲಿಯ ಒಣ ಕಾಲದಲ್ಲಿ ನೀರು ಹಿಂದೆ ಸರಿದ ಹಾಗೆ ದಂಡೆಯಲ್ಲಿ ಎಳೆ ಹುಲ್ಲು ಏಳುತ್ತದೆ. ಆ ಹುಲ್ಲಿಗೆ ಸುತ್ತಲಿನ ಕಾಡಿನ ಹಿಂಡುಗಳೆಲ್ಲ ಬರುತ್ತವೆ. ಒಂದೇ ನೋಟಕ್ಕೆ ನೂರಾರು ಆನೆ, ಮರಿಗಳು ಕಾಲಡಿಯಲ್ಲಿ. ನಮ್ಮಲ್ಲಿ ಆನೆ ನೋಡುವುದು ಅಂದರೆ ರಾತ್ರಿ ಟಾರ್ಚ್ ಬೆಳಕಿನಲ್ಲಿ ಎದೆ ಹೊಡೆದುಕೊಳ್ಳುತ್ತ ನೋಡುವುದು, ಬೆಳಿಗ್ಗೆ ಮುರಿದ ಕಾಫಿ ಗಿಡ ಎಣಿಸುವುದು. ಹೆದರಿಕೆ ಇಲ್ಲದೆ ಕೂತು ಆನೆ ನೋಡುವ ಭಾಗ್ಯ ನಮಗೆ ಎಲ್ಲಿದೆ ಹೇಳಿ?

ಬ್ರಹ್ಮಗಿರಿ ನಡಿಗೆ

ಮಿನ್ನೇರಿಯಕ್ಕೆ ಒಂದು ತಿದ್ದುಪಡಿ. ಮೊರಗಹಕಂದ ಜಲಾಶಯ ಬಂದ ಮೇಲೆ ಕೆಲವು ವರ್ಷ ಕೆರೆಗೆ ಒಣ ಕಾಲದಲ್ಲೂ ನೀರು ಬಿಟ್ಟು ಹುಲ್ಲು ಮುಳುಗುತ್ತದೆ. ಆಗ ಆನೆಗಳು ಪಕ್ಕದ ಕೌಡುಲ್ಲ ಕಡೆಗೋ ಹುರುಲು ಕಡೆಗೋ ಹೋಗುತ್ತವೆ. ಜೀಪಿನವರಿಗೆ ಅವತ್ತು ಆನೆ ಎಲ್ಲಿದೆ ಅಂತ ಗೊತ್ತಿರುತ್ತದೆ. ಪಟ್ಟಿಯಲ್ಲಿ "ಮಿನ್ನೇರಿಯ" ಅಂತ ಗಟ್ಟಿ ಬರೆಸದೆ "ಆನೆ ಇರುವ ಕಡೆ" ಅಂತ ಬರೆಸಿ.

ಮಡಿಕೇರಿ ಮಂಜು

ಪಿನ್ನವಲ ಹೇಳಲೇ ಇಲ್ಲ ಯಾರೂ? ಆನೆಗಳು ಸಾಲಾಗಿ ರಸ್ತೆ ದಾಟಿ ನದಿಗೆ ಇಳಿಯುತ್ತವಲ್ಲ, ಮಗನಿಗೆ ಖುಷಿಯಾಗುತ್ತದೆ.

ಒಂಟಿ ಸಲಗ

ಪಿನ್ನವಲ ಅಂದರೆ ದುಬಾರೆ ದೊಡ್ಡದಾಗಿ. ದುಬಾರೆ ನೋಡಿದವರಿಗೆ ಬೇಡ. ಮರಿಗಳನ್ನೇ ನೋಡಬೇಕು ಅಂದರೆ ಉಡವಲವೆಯ ಮರಿಯಾನೆ ಮನೆ ಒಳ್ಳೆಯದು. 1995ರಲ್ಲಿ ಶುರುವಾಗಿದ್ದು. ತಾಯಿ ಕಳೆದುಕೊಂಡ ಮರಿಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುತ್ತಾರೆ. ಹತ್ತಿರ ಬಿಡುವುದಿಲ್ಲ, ಮುಟ್ಟಲು ಬಿಡುವುದಿಲ್ಲ, ದೂರದಿಂದ ಹಾಲು ಕುಡಿಸುವುದನ್ನು ನೋಡಿ ಬರಬೇಕು. ನನಗೆ ಅದೇ ಇಷ್ಟವಾಯಿತು.

ಕರಿಮೆಣಸು

ಅಲ್ಲಿಯ ರೈತರ ಕಥೆ ಕೇಳಿದ್ದೀರಾ? ನಮಗಿಂತ ಕಷ್ಟ. 2023 ಒಂದೇ ವರ್ಷ ಅಲ್ಲಿ 400ಕ್ಕೂ ಹೆಚ್ಚು ಆನೆ ಸತ್ತವು. ಜನರೂ ನೂರಕ್ಕೂ ಮೇಲೆ. 2025ರ ಫೆಬ್ರವರಿಯಲ್ಲಿ ಹಬರಣ ಹತ್ತಿರ ರೈಲು ಹಿಂಡಿಗೇ ಗುದ್ದಿ ಆರು ಆನೆ ಹೋದವು. ಪ್ರವಾಸಿಗಳಿಗೆ "ಗುಡ್ ವ್ಯೂ", ರೈತನಿಗೆ ರಾತ್ರಿ ನಿದ್ದೆ ಇಲ್ಲ. ಇದು ಎಲ್ಲ ಕಡೆ ಒಂದೇ.

ಬ್ರಹ್ಮಗಿರಿ ನಡಿಗೆ

ಈ ವಿಷಯಕ್ಕೇ ನಾವು ಅಲ್ಲಿಗೆ ಹೋಗಬೇಕು ಅನ್ನುತ್ತೇನೆ. ಅಲ್ಲಿ ಕೆಲವು ಹಳ್ಳಿಗಳಲ್ಲಿ ಕಾಡಿನ ಗಡಿಗೆ ಬೇಲಿ ಹಾಕುವುದಿಲ್ಲ, ಊರಿಗೂ ಗದ್ದೆಗೂ ಸುತ್ತ ಹಾಕುತ್ತಾರೆ. ಗದ್ದೆಯ ಬೇಲಿ ಬೆಳೆ ಇರುವಷ್ಟು ದಿನ ಮಾತ್ರ. ಕೊಯ್ಲು ಮುಗಿದ ಮೇಲೆ ತಂತಿ ಬಿಚ್ಚಿ ಇಡುತ್ತಾರೆ, ಆನೆ ಬಂದು ಕೂಳೆ ಮೇಯುತ್ತದೆ. ಬೇಲಿ ನೋಡಿಕೊಳ್ಳುವುದು ಹಳ್ಳಿಯವರೇ. ಕಾಡಂಚಿಗೆ ಇಲಾಖೆ ಹಾಕಿದ ಬೇಲಿಗಿಂತ ಇದು ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ತಂತಿ ಕಡಿದರೆ ನಷ್ಟ ಅವರದೇ.

ಒಂಟಿ ಸಲಗ

ಗದ್ದೆಗೆ ಸರಿ. ಕಾಫಿ ತೋಟ ವರ್ಷಪೂರ್ತಿ ನಿಂತಿರುತ್ತದೆ, ಬಿಚ್ಚಿ ಇಡೋದು ಯಾವಾಗ? ಅದೂ ಅಲ್ಲದೆ ನಮ್ಮ ಆನೆಗಳು ತೋಟದಲ್ಲೇ ಮರಿ ಹಾಕಿ ತೋಟದಲ್ಲೇ ಬೆಳೆಯುತ್ತಿವೆ. ಬೇಲಿ ಹಾಕಿದರೆ ಒಳಗೇ ಉಳಿಯುತ್ತವೆ.

ಸಂಪಾಜೆ ಘಾಟಿ

ಬೇಲಿ ಚರ್ಚೆ ಇನ್ನೊಂದು ಎಳೆಯಲ್ಲಿ ನಡೆಯುತ್ತಿದೆ ಅಲ್ವಾ? ಅತ್ತೆ ಬ್ಯಾಗ್ ತುಂಬಿಕೊಂಡು ಕಾಯುತ್ತಿದ್ದಾರೆ ಇಲ್ಲಿ.

ಪುಸ್ತಕದ ಹುಳ

ಯಜಮಾನರಿಗೆ ನನ್ನ ಕಡೆಯಿಂದ ಇನ್ನೊಂದು ಉತ್ತರ. ಕಾಫಿ ಬೆಳೆಗಾರನಾದವನು ಒಮ್ಮೆ ನೋಡಲೇಬೇಕಾದ ದೇಶ ಅದು.

ಈಗ ಆ ಬೆಟ್ಟಗಳಲ್ಲಿ ಕಣ್ಣು ಹಾಯಿಸಿದಷ್ಟೂ ಟೀ. ಒಂದು ಕಾಲಕ್ಕೆ ಅಲ್ಲೆಲ್ಲ ಕಾಫಿ ಇತ್ತು. ಬ್ರಿಟಿಷರು ಕಾಡು ಕಡಿದು, ನೆರಳು ಮರ ಸರಿಯಾಗಿ ಬಿಡದೆ, ಬೆಟ್ಟಕ್ಕೆ ಬೆಟ್ಟವೇ ಅರೇಬಿಕಾ ಹಾಕಿದರು. 1869ರಲ್ಲಿ ಎಲೆಯ ತುಕ್ಕುರೋಗ ಕಾಣಿಸಿಕೊಂಡಿತು. ನಾವು ಇವತ್ತಿಗೂ ಬೋರ್ಡೋ ಹೊಡೆಯುತ್ತೇವಲ್ಲ, ಅದೇ ತುಕ್ಕು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ದೊಡ್ಡ ದೊಡ್ಡ ಎಸ್ಟೇಟುಗಳೇ ಕಾಫಿ ಕಿತ್ತು ಟೀ ಹಾಕಿದವು. ರೋಗ ನಮ್ಮ ಕಡೆಗೂ ಬಂತು. ಆದರೆ ಇಲ್ಲಿ ನೆರಳಿತ್ತು, ಆಮೇಲೆ ತಡೆದುಕೊಳ್ಳುವ ತಳಿಗಳು ಬಂದವು, ರೊಬಸ್ಟಾ ಬಂತು, ಕಾಫಿ ಉಳಿಯಿತು. ಅಲ್ಲಿ ಉಳಿಯಲಿಲ್ಲ. ಆ ಟೀ ಗುಡ್ಡದ ಮುಂದೆ ನಿಂತಾಗ ಇದು ನಮ್ಮ ಬೆಟ್ಟವೂ ಆಗಬಹುದಿತ್ತು ಅನ್ನಿಸದೆ ಇರುವುದಿಲ್ಲ.

ಕುಶಾಲನಗರ ಸವಾರಿ

ಕಾಫಿ ಹೋದ ಮೇಲೆ ಜೇಮ್ಸ್ ಟೇಲರ್ ಬಂದು ಟೀ ತಂದಿದ್ದು ಅಂತ ಅಲ್ಲಿಯ ಮ್ಯೂಸಿಯಂನಲ್ಲಿ ಹೇಳಿದರು.

ಪುಸ್ತಕದ ಹುಳ

ಹಿಂದುಮುಂದಾಗಿದೆ. ಟೇಲರ್ ಲೂಲೆಕಂದೆರ ಎಸ್ಟೇಟಿನಲ್ಲಿ 19 ಎಕರೆ ಟೀ ಹಾಕಿದ್ದು 1867ರಲ್ಲಿ, ತುಕ್ಕು ಕಾಣಿಸುವ ಎರಡು ವರ್ಷ ಮುಂಚೆ. ಕಾಫಿ ಬಿದ್ದಾಗ ಟೀ ಗಿಡ ಕೈಗೆ ಸಿದ್ಧವಾಗಿತ್ತು, ಅದು ಅವರ ಅದೃಷ್ಟ. ಅದೇ 1867ರಲ್ಲೇ ಕೊಲಂಬೊದಿಂದ ಕ್ಯಾಂಡಿಗೆ ರೈಲು ಬಂತು. ಯಾಕೆ ಹಾಕಿದರು ಹೇಳಿ? ಕಾಫಿ ಮೂಟೆ ಇಳಿಸಲು. ಹಳಿ ಮುಂದೆ ಹೋಗಿ 1885ಕ್ಕೆ ನುವಾರ ಎಲಿಯದ ಹತ್ತಿರದ ನಾನುಓಯ, 1924ಕ್ಕೆ ಬದುಲ್ಲ ಮುಟ್ಟಿತು. ಅಷ್ಟು ಹೊತ್ತಿಗೆ ಹೊರಲು ಕಾಫಿಯೇ ಇರಲಿಲ್ಲ. ಈಗ ಎಲ್ಲರೂ ಬಾಗಿಲಲ್ಲಿ ನೇತಾಡಿ ಫೋಟೋ ಹಾಕುವ ಆ ನೀಲಿ ರೈಲು ಇದೇ ದಾರಿಯದು.

ಮಡಿಕೇರಿ ಮಂಜು

ಅವರಿಗೆ ಕಾಫಿ ಹೋಗಿ ರೈಲು ಉಳಿಯಿತು. ನಮಗೆ ಕಾಫಿ ಉಳಿದು ರೈಲು ಬರಲೇ ಇಲ್ಲ.

ಸಂಪಾಜೆ ಘಾಟಿ

ಆ ತೋಟಗಳಲ್ಲಿ ದುಡಿದವರ ಮಾತೂ ಬರಲಿ. ಕಾಫಿ ಕಾಲದಲ್ಲೇ ತಮಿಳುನಾಡಿನಿಂದ ಕರೆದುಕೊಂಡು ಹೋದರು. ತಲೆಮಾರುಗಳ ನಂತರ ಅವರಿಗೆ ಆ ದೇಶದ ಪೌರತ್ವ ಇಲ್ಲ ಅಂದರು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಲ್ಲಿ ಲಕ್ಷಗಟ್ಟಲೆ ಜನರನ್ನು ಭಾರತಕ್ಕೆ ಕಳಿಸುವುದು ಅಂತಾಯಿತು. ಹಾಗೆ ಬಂದವರಲ್ಲಿ ಕೆಲವರಿಗೆ ಕೆಲಸ ಕೊಡಲೆಂದೇ ಸುಳ್ಯ, ಪುತ್ತೂರು ಕಡೆ ಸರ್ಕಾರದ ರಬ್ಬರ್ ತೋಟ ಎಬ್ಬಿಸಿದ್ದು. ನಮ್ಮ ಘಾಟಿ ಇಳಿದರೆ ಅವರ ಕಾಲೊನಿಗಳು ಸಿಗುತ್ತವೆ. ಹ್ಯಾಟನ್, ನುವಾರ ಎಲಿಯ ಕಡೆ ನೆಂಟರು ಇನ್ನೂ ಇರುವವರು ಇದ್ದಾರೆ. ಟೀ ಕೊಯ್ಯುವವರ ಫೋಟೋ ತೆಗೆಯುವಾಗ ಇದು ಸ್ವಲ್ಪ ನೆನಪಿರಲಿ. ಕೇಳಿ ತೆಗೆಯಿರಿ.

ಪಾಲಿಬೆಟ್ಟದ ಸೊಸೆ

ಇದು ಗೊತ್ತೇ ಇರಲಿಲ್ಲ. ಸುಳ್ಯಕ್ಕೆ ಎಷ್ಟು ಸಲ ಹೋಗಿದ್ದೇವೆ!

ರೈಲಿನ ಬಗ್ಗೆ ಯಾರಾದರೂ ಹೇಳಿ. ಮಗನಿಗೆ ಅದೊಂದೇ ಬೇಕಾಗಿರುವುದು. ಮತ್ತೆ ಅತ್ತೆಗೆ ಸಿಗಿರಿಯಾ ಹತ್ತಲು ಆಗುತ್ತದಾ? ಹತ್ತಿಯೇ ಹತ್ತುತ್ತೇನೆ ಅನ್ನುತ್ತಿದ್ದಾರೆ.

ಗೋಣಿಕೊಪ್ಪದ ಟೀಚರ್

ಸಿಗಿರಿಯಾ 1,200 ಮೆಟ್ಟಿಲು ಹತ್ತಿರ. ಕೆಳಗೆ ಕಲ್ಲು, ಮೇಲೆ ಹೋದಂತೆ ಬಂಡೆಗೆ ಅಂಟಿಸಿದ ಇಕ್ಕಟ್ಟಾದ ಕಬ್ಬಿಣದ ಏಣಿ. ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ, ಮಧ್ಯದಲ್ಲಿ ತಿರುಗಿ ಇಳಿಯುವುದು ಕಷ್ಟ. ಕಣಜದ ಗೂಡು ಬೇರೆ ಇವೆ, ಗದ್ದಲ ಮಾಡಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ಮಂಡಿನೋವಿಗೆ ಬೇಡವೇ ಬೇಡ. ಕೆಳಗಿನ ಉದ್ಯಾನ, ನೀರಿನ ಕೊಳ ನೋಡಿ ಮ್ಯೂಸಿಯಂನಲ್ಲಿ ಕೂರಲಿ. ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಅಪ್ಪನನ್ನು ಕೊಂದು ಹೆದರಿ ಅಷ್ಟೆತ್ತರ ಹೋಗಿ ಮನೆ ಕಟ್ಟಿದ ಅಂತ ಕಥೆ. ಅತ್ತೆ ಹೆದರಬೇಕಾಗಿಲ್ಲವಲ್ಲ, ಕೆಳಗೇ ಇರಬಹುದು ಅಂತ ಹೇಳಿ.

ಟಿಕೆಟ್ ಕೊಳ್ಳುವಾಗ ಪಾಸ್‌ಪೋರ್ಟ್ ತೋರಿಸಿ. ಸಾರ್ಕ್ ದೇಶದವರಿಗೆ ಇಂಥ ಕಡೆ ಕಡಿಮೆ ದರ ಇದೆ. ಕಂಪನಿ ನಿಮ್ಮಿಂದ ಯಾವ ದರ ಹಿಡಿದಿದೆ ಅದನ್ನೂ ನೋಡಿ!

ಬ್ರಹ್ಮಗಿರಿ ನಡಿಗೆ

ರೈಲು. ಮೊದಲು ಓಡುತ್ತಿದೆಯಾ ಕೇಳಿ. 2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಬಂದು ಆ ಬೆಟ್ಟಗಳಲ್ಲಿ ಗುಡ್ಡಗಳೇ ಜಾರಿದವು, ನೂರಾರು ಜನ ಹೋದರು, ಬೆಟ್ಟದ ರೈಲು ಹಳಿಗೂ ಬಹಳ ಪೆಟ್ಟಾಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಜಾರಿದ್ದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಯಾವ ನಿಲ್ದಾಣದ ನಡುವೆ ರೈಲು ಓಡುತ್ತಿದೆ ಅಂತ ಹೊರಡುವ ತಿಂಗಳು ಖಚಿತ ಮಾಡಿಕೊಳ್ಳಿ. "ರೈಲು ಇಲ್ಲದಿದ್ದರೆ ಏನು?" ಅಂತ ಕಂಪನಿಗೆ ಈಗಲೇ ಕೇಳಿ.

ಓಡುತ್ತಿದ್ದರೆ ಪೂರ್ತಿ ಕ್ಯಾಂಡಿಯಿಂದ ಕೂರಬೇಡಿ, ಆರೇಳು ಗಂಟೆ ಆಗುತ್ತದೆ, ಅತ್ತೆಯ ಕಾಲು ಊದುತ್ತದೆ. ನಾನುಓಯದಿಂದ 'ಎಲ್ಲಾ' ತನಕ ಸಾಕು. ಪಟ್ಟಿಪೊಲ ನಿಲ್ದಾಣ ಆ ದಾರಿಯ ನೆತ್ತಿ, ಸುಮಾರು 1,890 ಮೀಟರ್. ಅಲ್ಲಿಂದ ಒಂದು ಸುರಂಗ ದಾಟಿದರೆ ಹವಾಮಾನವೇ ಬದಲಾಗುತ್ತದೆ, ಈ ಕಡೆ ಮಳೆ, ಆ ಕಡೆ ಬಿಸಿಲು. ಆಗಸ್ಟ್‌ನಲ್ಲಿ ಹೋಗುವುದಕ್ಕೆ ಅದೊಂದು ಲಾಭ. ಒಂಬತ್ತು ಕಮಾನಿನ ಸೇತುವೆ ಇರುವುದು 'ಎಲ್ಲಾ' ದಾಟಿದ ಮೇಲೆ, ದೆಮೊದರ ಕಡೆ. 1921ರದ್ದು. ರೈಲಿನಲ್ಲಿ ಕೂತರೆ ಸೇತುವೆ ಕಾಣುವುದಿಲ್ಲ, ಇಳಿದು ನಡೆದು ಹೋಗಿ ನೋಡಬೇಕು.

ಕಾಯ್ದಿರಿಸಿದ ಸೀಟುಗಳು ಬಿಟ್ಟ ತಕ್ಷಣ ಮುಗಿಯುತ್ತವೆ, ಆಮೇಲೆ ದಲ್ಲಾಳಿಗಳ ಹತ್ತಿರ ಮೂರು ನಾಲ್ಕು ಪಟ್ಟು. ಇಲ್ಲಿ ಗುಂಪಿನ ಟೂರ್ ಅನುಕೂಲ, ಟಿಕೆಟ್ ತಲೆಬಿಸಿ ಅವರದು.

ನಾಪೋಕ್ಲು ನೂಪುಟ್ಟು

ಇಷ್ಟು ಹೊತ್ತಾದರೂ ಯಾರೂ ಊಟದ ಮಾತು ಎತ್ತಲಿಲ್ಲ, ಕೊಡಗಿನವರೇನಾ ನೀವು?

ಬೆಳಿಗ್ಗೆ ಇಡಿಯಾಪ್ಪ. ನಮ್ಮ ನೂಪುಟ್ಟೇ, ಚಪ್ಪಟೆ ಬಿಲ್ಲೆ ಮಾಡಿ ಬೇಯಿಸುತ್ತಾರೆ. ಜೊತೆಗೆ ತೆಂಗಿನ ಹಾಲಿನ ಸಾರು, ಖಾರದ ತೆಂಗಿನಕಾಯಿ ಸಂಬೋಲ. ಅತ್ತೆಗೆ ಪಥ್ಯ ಬದಲಾಗುವುದಿಲ್ಲ. ಇನ್ನು ಮೀನು, ಮಾಂಸಕ್ಕೆ ಗೊರಕ ಅಂತ ಕಪ್ಪು ಒಣ ಸಿಪ್ಪೆ ಹಾಕುತ್ತಾರೆ. ಮೂಸಿ ನೋಡಿದೆ, ಎಲ್ಲೋ ಕೇಳಿದ ವಾಸನೆ. ನಮ್ಮ ಕಾಚಂಪುಳಿಯ ಮರವೇ ಅದು! ನಾವು ಹಣ್ಣಿನ ರಸ ಇಳಿಸಿ ಕಪ್ಪಗೆ ಕುದಿಸುತ್ತೇವೆ, ಅವರು ಸಿಪ್ಪೆ ಒಣಗಿಸುತ್ತಾರೆ. ಅಲ್ಲಿಯ ಕಪ್ಪು ಹಂದಿ ಸಾರು ತಿಂದವರು ಮನೆಯ ಪಂದಿಕರಿ ನೆನೆಸದೆ ಇರುವುದಿಲ್ಲ. ಮಸಾಲೆ ಹುರಿಯುವುದೂ ಹಾಗೇ, ಕಪ್ಪಾಗುವ ತನಕ. ನಮ್ಮದೇ ಮೇಲು, ಆದರೆ ಅವರದ್ದು ತೆಗೆದುಹಾಕುವ ಹಾಗಿಲ್ಲ.

ಒಂಟಿ ಸಲಗ

ಕಡಂಬುಟ್ಟು (ಅಕ್ಕಿ ಕಡುಬು) ಇಲ್ಲದ ಹಂದಿ ಸಾರು ಎಂಥ ಸಾರು?

ನಾಪೋಕ್ಲು ನೂಪುಟ್ಟು

ಅನ್ನದ ಜೊತೆ ತಿನ್ನಿ. ಸಾಯುವುದಿಲ್ಲ. ಗಂಡಸರಿಗೆ ಒಂದು ಮುಖ್ಯ ಸೂಚನೆ: ಹುಣ್ಣಿಮೆ ದಿನ ಇಡೀ ದೇಶದಲ್ಲಿ ಮದ್ಯ ಮಾರುವುದಿಲ್ಲ. ಪೋಯ ಅನ್ನುತ್ತಾರೆ, ಪ್ರತಿ ತಿಂಗಳೂ ರಜೆ. ಹೋಟೆಲಿನಲ್ಲೂ ಸಿಗುವುದಿಲ್ಲ. ಕ್ಯಾಲೆಂಡರ್ ನೋಡದೆ ಬುಕ್ ಮಾಡಿದವರ ಮುಖ ಆ ಸಂಜೆ ನೋಡಬೇಕು.

ಮಡಿಕೇರಿ ಮಂಜು

ಯಜಮಾನರ ಕೊನೆಯ ಉತ್ಸಾಹವೂ ಹೋಯಿತು.

ಬ್ರಹ್ಮಗಿರಿ ನಡಿಗೆ

ಹುಣ್ಣಿಮೆ ಅಂದಿದ್ದು ಒಳ್ಳೆಯದಾಯಿತು. ಕ್ಯಾಂಡಿಯ ಎಸಳ ಪೆರಹೆರ ಜುಲೈ-ಆಗಸ್ಟ್ ಹುಣ್ಣಿಮೆಗೆ ಮುಗಿಯುತ್ತದೆ. ಬುದ್ಧನ ಹಲ್ಲು ಇರುವ ದಂತ ಮಂದಿರದ ಕರಂಡಕ (ಪೆಟ್ಟಿಗೆ) ಹೊತ್ತ ಆನೆ, ಪಂಜು, ಡೋಲು, ರಾತ್ರಿ ಮೆರವಣಿಗೆ. ನೋಡುವ ಆಸೆ ಇದ್ದರೆ ಆ ದಿನಗಳಿಗೇ ಹೊಂದಿಸಿ, ಇಲ್ಲದಿದ್ದರೆ ಆ ವಾರ ಕ್ಯಾಂಡಿ ಕಡೆ ತಲೆ ಹಾಕಬೇಡಿ, ರೂಮ್ ಸಿಗುವುದಿಲ್ಲ.

ಒಂಟಿ ಸಲಗ

ಆ ಕರಂಡಕ ಹೊರುತ್ತಿದ್ದ ನಡುಂಗಮುವ ರಾಜ 2022ರ ಮಾರ್ಚ್‌ನಲ್ಲಿ ತೀರಿಕೊಂಡ. ಮೈಸೂರಿನಲ್ಲಿ ಹುಟ್ಟಿ ಅಲ್ಲಿಗೆ ಹೋದ ಆನೆ ಅನ್ನುತ್ತಾರೆ. ಅವರು ಅತ್ತ ಹಾಗೆ ನಾವು 2023ರ ಡಿಸೆಂಬರ್‌ನಲ್ಲಿ ದಸರಾ ಆನೆ ಅರ್ಜುನನಿಗೆ ಅತ್ತೆವು. ಅಷ್ಟು ಕೊಂಬಿನ ಆನೆ ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಪಾಲಿಬೆಟ್ಟದ ಸೊಸೆ

ಇವತ್ತು ಕಂಪನಿಗೆ ಫೋನ್ ಮಾಡಿ ನಿಮ್ಮ ಪ್ರಶ್ನೆಗಳನ್ನೆಲ್ಲ ಕೇಳಿದೆ. ಒಂದೇ ವ್ಯಾನಾ? "ಸಾಮಾನ್ಯವಾಗಿ." ಗೈಡ್ ಲೈಸೆನ್ಸ್ ಯಾವುದು? "ಚೆಕ್ ಮಾಡಿ ಹೇಳುತ್ತೇವೆ." ಮಿರಿಸ್ಸ ಬದಲು ತ್ರಿಂಕೋಮಲಿ ಆಗುತ್ತದಾ? "ಫಿಕ್ಸ್ ರೂಟ್ ಮೇಡಂ, ಬೇಕಾದರೆ ನೀವೇ 10 ಜನ ಸೇರಿಸಿ, ನಿಮಗೆ ಬೇಕಾದ ಹಾಗೆ ಮಾಡಿಕೊಡುತ್ತೇವೆ."

ಯಜಮಾನರು ಕಾಫಿ-ತುಕ್ಕು ಓದಿ ಸುಮ್ಮನಾಗಿದ್ದಾರೆ. ರಾತ್ರಿ ಮಲಗುವಾಗ "ಆ ಲೂಲೆಕಂದೆರ ರೂಟಿನಲ್ಲಿ ಬರುತ್ತದಾ?" ಅಂತ ಕೇಳಿದರು. ಸದ್ಯಕ್ಕೆ ಅಷ್ಟು ಸಾಕು.

ಗೋಣಿಕೊಪ್ಪದ ಟೀಚರ್

10 ಜನ ತಾನೇ? ಇಲ್ಲೇ ಸೇರುತ್ತಾರೆ. ಪೂರ್ವದ ರೂಟ್ ಆದರೆ ನಾವಿಬ್ಬರು ಬರುತ್ತೇವೆ, ಆ ಕಡೆ ನಾವೂ ನೋಡಿಲ್ಲ. ಮಾವನನ್ನು ಕರೆತರುವುದಿಲ್ಲ, ಮಾತಳೆಯವರು ನೆಮ್ಮದಿಯಾಗಿರಲಿ.

ನಾಪೋಕ್ಲು ನೂಪುಟ್ಟು

ಕಕ್ಕಡ ಪದಿನೆಟ್ಟ್ ಹಬ್ಬ ಮುಗಿಸಿ ಹೊರಡುವುದಾದರೆ ಇಬ್ಬರು. ಆಗಸ್ಟ್ 3ಕ್ಕೆ ಮದ್ದುಪಾಯಸ ತಿನ್ನದೆ ನಾನು ಜಿಲ್ಲೆ ಬಿಡುವುದಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲು ವಾಪಸ್ ಬರಬೇಕು.

ಕುಶಾಲನಗರ ಸವಾರಿ

ಗೊತ್ತಿದ್ದವರೇ ಗುಂಪಾದರೆ ನನ್ನ ವಾದ ಬೇರೆ. ಸ್ನಾನಕ್ಕೆ ತಡ ಮಾಡುವವರು ಯಾರು ಅಂತ ಮೊದಲೇ ತಿಳಿಸಿ.

ಕರಿಮೆಣಸು

ಬೇಲಿ ಹಾಕಿದ ಹಳ್ಳಿ ತೋರಿಸುವುದಾದರೆ ನಾನೂ ಒಬ್ಬ. ಅಂಗಡಿಗೆ ಮಾತ್ರ ಇಳಿಯುವುದಿಲ್ಲ.

ನಿರ್ವಾಹಕರು

ಫೋನ್ ನಂಬರ್, ಪಾಸ್‌ಪೋರ್ಟ್ ವಿವರ ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಕಳಿಸಿಕೊಳ್ಳಿ. ಆಮದು ಮೆಣಸಿನ ಚರ್ಚೆಗೆ ಬೇರೆ ಎಳೆ ಇದೆ.

ಪಾಲಿಬೆಟ್ಟದ ಸೊಸೆ

ಹಾಗಾದರೆ ನಾವು ನಾಲ್ಕು, ಟೀಚರ್ ಇಬ್ಬರು, ನಾಪೋಕ್ಲು ಇಬ್ಬರು, ಕರಿಮೆಣಸು ಅಣ್ಣ. ಕುಶಾಲನಗರದವರು ಬಂದರೆ ಹತ್ತು ಆಯಿತು. @ಬ್ರಹ್ಮಗಿರಿ ನಡಿಗೆ, ಆ ರೂಟನ್ನು ದಿನ ದಿನಕ್ಕೆ ಬರೆದುಕೊಡುತ್ತೀರಾ? ಒಂದು ಊರಿನಲ್ಲಿ ಎರಡು ರಾತ್ರಿಯಾದರೂ ಇರಲಿ, ದಿನಾ ಪೆಟ್ಟಿಗೆ ಕಟ್ಟುವುದು ಅತ್ತೆಗೆ ಆಗುವುದಿಲ್ಲ.

ಬ್ರಹ್ಮಗಿರಿ ನಡಿಗೆ

ಭಾನುವಾರ ಬರೆಯುತ್ತೇನೆ. ಸಿಂಹರಾಜ ಕಾಡು ಬೇಕು ಅಂತ ಯಾರಾದರೂ ಹಠ ಮಾಡಿದರೆ ಈಗಲೇ ಹೇಳಿ. ಮಳೆಕಾಡು, ಆಗಸ್ಟ್‌ನಲ್ಲಿ ಜಿಗಣೆ ಜಾಸ್ತಿ.

ಮಡಿಕೇರಿ ಮಂಜು

ಜಿಗಣೆಗೂ ದುಡ್ಡು ಕೊಡುವುದಾ? ಇಲ್ಲಿ ಫ್ರೀ ಇದೆ.